ಕರ್ನಲ್ ಅಪ್‌ಡೇಟ್ ಆದಮೇಲೆ ಲ್ಯಾಪ್‌ಟಾಪ್ ಮಲಗೋದೂ ಇಲ್ಲ, ಆರೋದೂ ಇಲ್ಲ

ಪ್ರಶ್ನೆ, ಸಾಧನಕೇರಿಯಿಂದ:
ಮೊನ್ನೆ ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಅಪ್‌ಡೇಟ್ ಹಾಕಿದೆ. ಆವತ್ತಿನಿಂದ ಮುಚ್ಚಳ ಹಾಕಿದರೆ ಪರದೆ ಕಪ್ಪಾಗುತ್ತದೆ, ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ. ನಿನ್ನೆ ಹಾಗೇ ಬ್ಯಾಗಿಗೆ ಹಾಕಿಕೊಂಡು ಚಿಗರಿ ಬಸ್ ಹತ್ತಿದೆ. ಹೊಸೂರಲ್ಲಿ ಇಳಿಯುವಷ್ಟರಲ್ಲಿ ಬ್ಯಾಗು ರೊಟ್ಟಿ ಹಂಚಿನಂತಾಗಿತ್ತು! ಶಟ್‌ಡೌನ್ ಕೊಟ್ಟರೂ ಪವರ್ ಬಟನ್ ಒತ್ತಿ ಹಿಡಿದೇ ಆರಿಸಬೇಕು. ಏನು ಮಾಡ್ಲಿ?

ಉತ್ತರ, ಹಳೇ ಹುಬ್ಬಳ್ಳಿಯಿಂದ:
ಮೊದಲು ಹಳೇ ಕರ್ನಲ್‌ನಲ್ಲಿ ಬೂಟ್ ಮಾಡಿ ನೋಡ್ರಿ. ಲ್ಯಾಪ್‌ಟಾಪ್ ಆನ್ ಆಗುವಾಗ ಬರೋ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಇರುತ್ತದೆ. ಸುಮ್ನೆ ಓಎಸ್ ಹೊಸದಾಗಿ ಹಾಕೋಕೆ ಹೋಗಬೇಡಿ.

ಉತ್ತರ, ಗದಗದಿಂದ:
ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯಾ? ಅದರ ಡ್ರೈವರ್ ಹೊಸ ಕರ್ನಲ್‌ಗೆ ಮತ್ತೆ ಬಿಲ್ಡ್ ಆಗಬೇಕು. ನನ್ನದರಲ್ಲಿ ಹೆಡರ್ಸ್ ಪ್ಯಾಕೇಜ್ (ಬಿಲ್ಡ್‌ಗೆ ಬೇಕಾದ ಕರ್ನಲ್ ಫೈಲುಗಳು) ಇಲ್ಲದೆ ಅದು ಆಗಿರಲೇ ಇಲ್ಲ. ಟರ್ಮಿನಲ್‌ನಲ್ಲಿ ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟು ನೋಡಿ, ಯಾವ ಕರ್ನಲ್‌ಗೆ ಡ್ರೈವರ್ ಬಿಲ್ಡ್ ಆಗಿದೆ ಅಂತ ತೋರಿಸುತ್ತದೆ.

ಸಾಧನಕೇರಿ:
ಹಳೇದರಲ್ಲಿ ಚೆನ್ನಾಗಿ ಮಲಗುತ್ತದೆ! ಡಿಕೆಎಂಎಸ್ ಪಟ್ಟಿಯಲ್ಲಿ ಹೊಸ ಕರ್ನಲ್ ಇರಲೇ ಇಲ್ಲ. ಹೆಡರ್ಸ್ ಹಾಕಿದೆ, ಡ್ರೈವರ್ ಬಿಲ್ಡ್ ಆಯ್ತು, ಈಗ ಮುಚ್ಚಳ ಹಾಕಿದ ಕೂಡಲೇ ಫ್ಯಾನ್ ನಿಲ್ಲುತ್ತದೆ. ಗದಗದ ಅಣ್ಣಾ, ನಿಮಗೊಂದು ಗಿರ್ಮಿಟ್ ಬಾಕಿ. ಶಟ್‌ಡೌನ್ ಮಾತ್ರ ಇನ್ನೂ 90 ಸೆಕೆಂಡ್ ತಗೊಳ್ತಿದೆ.

ಹಳೇ ಹುಬ್ಬಳ್ಳಿ:
90 ಅಂದ್ರೆ ಸಿಸ್ಟಮ್‌ಡಿ (ಹಿನ್ನೆಲೆಯ ಸರ್ವಿಸ್‌ಗಳನ್ನು ಶುರುಮಾಡಿ ನಿಲ್ಲಿಸೋ ಪ್ರೋಗ್ರಾಂ) ಯಾವುದೋ ಸರ್ವಿಸ್ ನಿಲ್ಲಲಿ ಅಂತ ಕಾಯ್ತಿದೆ, ಅದರ ಡೀಫಾಲ್ಟ್ ಗಡುವೇ ಅಷ್ಟು. ಆರುವಾಗ ಎಸ್ಕೇಪ್ ಒತ್ತಿ, ಹೆಸರು ಕಂಡರೆ ಇಲ್ಲಿ ಹಾಕಿ. ನನಗೆ ಗಿರ್ಮಿಟ್ ಇಲ್ವಾ?