ಸಹಾಯ ಬೇಕು: ವಾಸ್ಕೋದಲ್ಲಿ ಕಾರಿನ ರೇಡಿಯೋಗೆ ಧಾರವಾಡ ಆಕಾಶವಾಣಿ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಕೊಂಡ ಕಾರಿನ ರೇಡಿಯೋದಲ್ಲಿ ಎಫ್‌ಎಂ, ಎಎಂ ಜೊತೆಗೆ ಡಿಆರ್‌ಎಂ ಎಂಬ ಡಿಜಿಟಲ್ ರೇಡಿಯೋ ಕೂಡ ಇದೆ. ನಮ್ಮ ತಂದೆಗೆ ಬೇಕಾದದ್ದು ಒಂದೇ, 765 ಕಿಲೋಹರ್ಟ್ಸ್‌ನ ಧಾರವಾಡ. ಹುಬ್ಬಳ್ಳಿಯಲ್ಲಿದ್ದಾಗ ಆ ನಿಲಯ ಹಾಡದೆ ಅವರಿಗೆ ಬೆಳಗಾಗುತ್ತಿರಲಿಲ್ಲ.

ಎಎಂನಲ್ಲಿ ಹಗಲು ಬರೀ ಗರಗರ ಸದ್ದು, ಕತ್ತಲಾದ ಮೇಲೆ ಧ್ವನಿ ತಿಳಿಯಾಗುತ್ತದೆ. ಮಧ್ಯಮ ತರಂಗ ರಾತ್ರಿ ದೂರ ಸಾಗುತ್ತದೆ, ಅದು ಸರಿ. ನನ್ನ ತೊಡಕು ಡಿಆರ್‌ಎಂನದು. ಮೊನ್ನೆ ಸಂಜೆ ಪೋಂಡಾ ದಾಟಿದ ಮೇಲೆ ಪರದೆಯಲ್ಲಿ ನಿಲಯದ ಹೆಸರು ಮೂಡಿತು, ಅರ್ಧ ವಚನ ಸ್ವಚ್ಛವಾಗಿ ಕೇಳಿತು, ಥಟ್ಟನೆ ಮೌನ. ಡಿಜಿಟಲ್‌ನಲ್ಲಿ ಸಂಕೇತ ಸೋತರೆ ಗರಗರವೂ ಇರುವುದಿಲ್ಲ, ಧ್ವನಿಯೇ ನಿಂತುಬಿಡುತ್ತದೆ. ತಂದೆ ಪರದೆಗೆ ಕಿವಿಯಿಟ್ಟು ಕಾದೇ ಕಾದರು.

ಗೋವಾದಲ್ಲಿ ಧಾರವಾಡವನ್ನು ಡಿಆರ್‌ಎಂನಲ್ಲಿ ಹಿಡಿದವರು ಯಾರಾದರೂ ಇದ್ದೀರಾ? ಯಾವ ಹೊತ್ತಿನಲ್ಲಿ, ಯಾವ ರಸ್ತೆಯಲ್ಲಿ? ಆಂಟೆನಾ ಬದಲಿಸಿದರೆ ಪ್ರಯೋಜನವಾಗುತ್ತದೆಯೇ? ಹುಡುಕಾಟದಲ್ಲಿ ಒಮ್ಮೆ ಸಿಕ್ಕ ನಿಲಯವನ್ನು ಉಳಿಸಿಕೊಳ್ಳುವ ಬಗೆಯನ್ನೂ ತಿಳಿಸಿ. ಮೊಬೈಲ್‌ನ ನ್ಯೂಸ್‌ಆನ್‌ಏರ್ ಆ್ಯಪ್ ಗೊತ್ತಿದೆ, ಆದರೆ ಘಟ್ಟದ ರಸ್ತೆಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಮುಂದಿನ ವಾರ ತಂದೆಯನ್ನು ಅನಮೋಡ ಮಾರ್ಗವಾಗಿ ಊರಿಗೆ ಕರೆದೊಯ್ಯುತ್ತಿದ್ದೇನೆ, ಅಷ್ಟರೊಳಗೆ ತಿಳಿದರೆ ದೊಡ್ಡ ಉಪಕಾರವಾಗುತ್ತದೆ.