ಸ್ಕ್ಯಾನ್ ರಿಪೋರ್ಟ್ ಬರೆಯೋಕೆ ಎಐ: ಒಬ್ಬರೇ ರೇಡಿಯಾಲಜಿಸ್ಟ್ ಇರುವ ಸೆಂಟರಿಗೆ ಯಾವುದು ಹೊಂದುತ್ತೆ?

ಶಿರಸಿ_ಪೇಟೆ

ಶಿರಸಿಯ ಒಂದು ಸೆಂಟರಿನ ಸಲುವಾಗಿ ಕೇಳುತ್ತಿದ್ದೇನೆ. ಒಂದು ಸಿಟಿ ಸ್ಕ್ಯಾನ್, ಎರಡು ಅಲ್ಟ್ರಾಸೌಂಡ್, ಒಂದು ಡಿಜಿಟಲ್ ಎಕ್ಸ್‌ರೇ. ರೇಡಿಯಾಲಜಿಸ್ಟ್ ಒಬ್ಬರೇ. ಈಗ ಡಾಕ್ಟರು ಹೇಳಿದ್ದನ್ನು ಟೈಪಿಸ್ಟ್ ವರ್ಡ್ ಟೆಂಪ್ಲೇಟಿನಲ್ಲಿ ಹೊಡೆಯುತ್ತಾರೆ, ಡಾಕ್ಟರು ತಿದ್ದಿ ಸಹಿ ಹಾಕುತ್ತಾರೆ. ಮಧ್ಯಾಹ್ನದ ಮೇಲೆ ಸಿದ್ದಾಪುರ, ಯಲ್ಲಾಪುರದ ಬಸ್ಸು ಹಿಡಿಯಬೇಕಾದವರು ರಿಪೋರ್ಟಿಗೆ ಕಾಯುತ್ತ ಕೂರುತ್ತಾರೆ. ಬರವಣಿಗೆಯ ಕೆಲಸ ಎಐಯಿಂದ ಬೇಗ ಮುಗಿಯಬಹುದೇ? ಚಿತ್ರ ನೋಡಿ ತಾನೇ ರಿಪೋರ್ಟ್ ಬರೆಯುವ ಸಾಫ್ಟ್‌ವೇರ್ ತಗೋಬೇಕೋ, ಡಾಕ್ಟರ ಮಾತನ್ನು ಅಕ್ಷರ ಮಾಡುವ ಡಿಕ್ಟೇಶನ್ ಸಾಕೋ? ಮಳೆಗಾಲದಲ್ಲಿ ನೆಟ್ ಹೋದರೆ ಏನು ಗತಿ? ಗರ್ಭಿಣಿಯರ ಸ್ಕ್ಯಾನಿಗೆ ಕಾನೂನಿನ ತೊಡಕು ಏನಾದರೂ ಇದೆಯೇ?

ಕಾಳಿ_ಅಳಿವೆ

ಡಿಕ್ಟೇಶನ್ ಸಾಕು. ಚಿತ್ರದಿಂದ ನೇರ ರಿಪೋರ್ಟ್ ಎದೆಯ ಎಕ್ಸ್‌ರೇಗೆ ಒಂದು ಮಟ್ಟಿಗೆ ಬಂದಿದೆ, ಸಿಟಿ ಮತ್ತು ಅಲ್ಟ್ರಾಸೌಂಡಿಗೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಎಕ್ಸ್‌ರೇಯಲ್ಲೂ ಒಂದು ವಿಚಿತ್ರ ಕಾಯಿಲೆ ಇದೆ. ಇಂಥ ಎಐ ಮಾದರಿಗಳು ಹೆಚ್ಚಾಗಿ ಕಲಿತದ್ದು ಮಿಮಿಕ್-ಸಿಎಕ್ಸ್‌ಆರ್ ಥರದ ಎಕ್ಸ್‌ರೇ ಸಂಗ್ರಹಗಳಿಂದ. ಬೋಸ್ಟನ್ನಿನ ಒಂದೇ ಆಸ್ಪತ್ರೆಯ 3,77,110 ಚಿತ್ರ ಅದರಲ್ಲಿವೆ. ಅಲ್ಲಿನ ರಿಪೋರ್ಟುಗಳಲ್ಲಿ 'ಹಿಂದಿನ ಫಿಲ್ಮಿಗೆ ಹೋಲಿಸಿದರೆ' ಅನ್ನುವ ಮಾತು ಹೆಜ್ಜೆಹೆಜ್ಜೆಗೂ ಬರುತ್ತೆ. ಮಾದರಿ ಅದನ್ನೂ ಕಲಿತುಬಿಟ್ಟಿದೆ. ಮೊದಲ ಸಲ ಎಕ್ಸ್‌ರೇ ತೆಗೆಸಿಕೊಂಡವನ ರಿಪೋರ್ಟಿನಲ್ಲೂ 'ಎಫ್ಯೂಷನ್ (ಶ್ವಾಸಕೋಶದ ಸುತ್ತ ತುಂಬಿದ ನೀರು) ಮೊದಲಿಗಿಂತ ಕಡಿಮೆ' ಅಂತ ಬರೆಯುತ್ತೆ. ಓದಲು ಚೆಂದವಾಗಿರುವುದರಿಂದ ಕಣ್ಣು ಜಾರಿ ಮುಂದೆ ಹೋಗುತ್ತೆ.

ಕ್ಷಯಕ್ಕೆ ಎಕ್ಸ್‌ರೇ ಓದುವ ಸಾಫ್ಟ್‌ವೇರ್ ಬೇರೆ ಮಾತು. 15 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರ ಸ್ಕ್ರೀನಿಂಗಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಒಪ್ಪಿದೆ. ಆದರೆ ಅದು ಕೊಡುವುದು ಒಂದು ಅಂಕ, ರಿಪೋರ್ಟ್ ಅಲ್ಲ. ಎಷ್ಟು ಅಂಕದ ಮೇಲೆ ಕಫ ಪರೀಕ್ಷೆಗೆ ಕಳಿಸಬೇಕು ಅನ್ನುವುದನ್ನು ನಿಮ್ಮಲ್ಲಿ ಬರುವ ರೋಗಿಗಳನ್ನು ನೋಡಿ ನೀವೇ ಗೊತ್ತುಮಾಡಬೇಕು.

ನಿಮಗೆ ಬೇಕಾದ ಸರಪಳಿ ಇಷ್ಟೇ. ಡಾಕ್ಟರ ಮಾತು ಅಕ್ಷರವಾಗಬೇಕು, ಅದು ನಿಮ್ಮದೇ ಟೆಂಪ್ಲೇಟಿನ ಸಾಲುಗಳಿಗೆ ಹಂಚಿಹೋಗಬೇಕು, ಅಳತೆಗಳು ಮಷೀನಿನಿಂದ ನೇರ ಬರಬೇಕು. ಸ್ಕ್ಯಾನ್ ಮಷೀನುಗಳು ಮಾಹಿತಿ ಕಳಿಸುವ ಸಾಮಾನ್ಯ ರೂಪಕ್ಕೆ ಡೈಕಾಮ್ ಅಂತಾರೆ. ಅಲ್ಟ್ರಾಸೌಂಡಿನಲ್ಲಿ ಅಳತೆಗಳನ್ನು ಕಳಿಸುವ ಡೈಕಾಮ್ ಎಸ್‌ಆರ್ ಸೌಲಭ್ಯ ಇದ್ದರೆ ಭ್ರೂಣದ ತಲೆ, ಹೊಟ್ಟೆ, ತೊಡೆಮೂಳೆಯ ಅಳತೆಗಳಾದ ಬಿಪಿಡಿ, ಎಚ್‌ಸಿ, ಎಸಿ, ಎಫ್‌ಎಲ್ ನಾಲ್ಕೂ ಯಾರೂ ಟೈಪ್ ಮಾಡದೆ ಬಂದು ಕೂರುತ್ತವೆ. ಆರ್ಥಾಂಕ್ ಥರದ ಉಚಿತ ಪ್ಯಾಕ್ಸ್ (ಸ್ಕ್ಯಾನ್ ಚಿತ್ರಗಳ ಉಗ್ರಾಣ) ಸರ್ವರ್ ಅದನ್ನು ಹಿಡಿದಿಡುತ್ತೆ. ಡೈಕಾಮಿಗೆ 4242, ಬ್ರೌಸರಿಗೆ 8042 ಅದರ ಮಾಮೂಲಿ ಪೋರ್ಟುಗಳು (ಸಂಪರ್ಕದ ಸಂಖ್ಯೆಗಳು).

ಈಗ ಮುಖ್ಯ ವಿಷಯ. ಡಾಕ್ಟರು ಹೇಳದ ಸಾಲನ್ನು ಎಐ 'ನಾರ್ಮಲ್' ಅಂತ ತುಂಬಬಾರದು. ಅಲ್ಲಿ 'ಹೇಳಿಲ್ಲ' ಅಂತ ಕೆಂಪಕ್ಷರದಲ್ಲಿ ಬರಬೇಕು, ಅದು ಇರುವ ತನಕ ಸಹಿಯ ಬಟನ್ ತೆರೆಯಬಾರದು. ಪಿತ್ತಕೋಶ ತೆಗೆಸಿಕೊಂಡವರಿಗೆ 'ಗಾಲ್‌ಬ್ಲಾಡರ್ ನಾರ್ಮಲ್' ಅಂತ ಹೋಗುವುದು ಟೈಪಿಸ್ಟ್ ಕಾಲದಿಂದಲೂ ಇರುವ ತಪ್ಪು. ಎಐ ಅದನ್ನೇ ಇನ್ನಷ್ಟು ವೇಗವಾಗಿ ಮಾಡುತ್ತೆ.

ಇನ್ನೊಂದು, ಅಪರೂಪದ್ದನ್ನು ಮಾಮೂಲಿಗೆ ಎಳೆಯುವ ಚಾಳಿ. ನಮ್ಮ ಕಡೆ ಅಡಿಕೆ ಕೊನೆ (ಗೊನೆ) ಕೊಯ್ಲಿನಲ್ಲಿ ಮರದಿಂದ ಬಿದ್ದು ಬರುವವರನ್ನೇ ತಗೊಳ್ಳಿ. ಡಾಕ್ಟರು ಹೇಳಿದ್ದು: 'ಎಲ್1 ಬರ್ಸ್ಟ್ ಫ್ರ್ಯಾಕ್ಚರ್, ರೆಟ್ರೋಪಲ್ಷನ್ ಫೋರ್ ಎಂಎಂ, ನೋ ಫ್ಯಾಸೆಟ್ ಡಿಸ್‌ಲೊಕೇಶನ್.' ಡ್ರಾಫ್ಟಿನಲ್ಲಿ ಬರಬಹುದಾದ್ದು: 'ಎಲ್1 ಕಂಪ್ರೆಷನ್ ಫ್ರ್ಯಾಕ್ಚರ್ ವಿತ್ ಮೈಲ್ಡ್ ರೆಟ್ರೋಪಲ್ಷನ್.' ಎಲ್1 ಅಂದರೆ ಬೆನ್ನೆಲುಬಿನಲ್ಲಿ ಸೊಂಟದ ಮೊದಲ ಕಶೇರುಕ. ಬರ್ಸ್ಟ್ ಅಂದರೆ ಕಶೇರುಕದ ಹಿಂಗೋಡೆಯೂ ಒಡೆದಿದೆ ಎಂದರ್ಥ; ಕಂಪ್ರೆಷನ್ ಅಂದರೆ ಸಾಮಾನ್ಯವಾಗಿ ಮುಂಭಾಗ ಮಾತ್ರ ಕುಸಿದದ್ದು. ಮೂಳೆ ಎಷ್ಟು ಹಿಂದಕ್ಕೆ ಸರಿದಿದೆ (ರೆಟ್ರೋಪಲ್ಷನ್) ಅನ್ನುವ 4 ಎಂಎಂ ಹೋಗಿ 'ಮೈಲ್ಡ್' ಬಂತು, ಫ್ಯಾಸೆಟ್ (ಕಶೇರುಕಗಳ ನಡುವಿನ ಕೀಲು) ಜಾರಿಲ್ಲ ಅನ್ನುವ ಸಾಲು ಕಾಣೆ. ಇದನ್ನು ಓದಿ ಹುಬ್ಬಳ್ಳಿಗೆ ಫೋನ್ ಮಾಡುವ ಡಾಕ್ಟರು ಬೇರೆಯದೇ ಕತೆ ಹೇಳುತ್ತಾರೆ.

ಇದಕ್ಕೆ ಮತ್ತೊಂದು ಎಐ ಕೂರಿಸಬೇಡಿ. ನಲವತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಸಾಕು. ಕಚ್ಚಾ ಡಿಕ್ಟೇಶನ್ನಿನ ಎಲ್ಲ ಅಂಕಿಗಳು, ಎಡ-ಬಲದ ಪದಗಳು, 'ನೋ', 'ವಿದೌಟ್' ಇವನ್ನೆಲ್ಲ ಎಣಿಸಿ ಡ್ರಾಫ್ಟಿನ ಎಣಿಕೆಯ ಜೊತೆ ತಾಳೆ ನೋಡುವುದು. ಹೊಂದದಿದ್ದರೆ ಆ ಸಾಲು ಹಳದಿ. ಗಂಡಸರ ರಿಪೋರ್ಟಿನಲ್ಲಿ ಯುಟೆರಸ್, ಹೆಂಗಸರದ್ದರಲ್ಲಿ ಪ್ರೋಸ್ಟೇಟ್ ಬಂದರೂ ಹಳದಿ. ಕಚ್ಚಾ ಮಾತು ಮತ್ತು ಡ್ರಾಫ್ಟ್ ಒಂದೇ ಪರದೆಯಲ್ಲಿ ಅಕ್ಕಪಕ್ಕ ಇರಲೇಬೇಕು.

ಗಂಗಾವಳಿ

ನೆಟ್ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಮರ ಬಿದ್ದು ಕೇಬಲ್ ಹೋಗುವುದು ಗೊತ್ತಿದ್ದದ್ದೇ, ಹಾಗಾಗಿ ಕ್ಲೌಡಿನ ಮೇಲೆ ಪೂರ್ತಿ ಕೂರಬೇಡಿ. ಸೆಂಟರಿನೊಳಗೇ ಒಂದು ಪಿಸಿ ಸಾಕು. 12 ಜಿಬಿ ಮೆಮರಿಯ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಮಾತನ್ನು ಅಕ್ಷರ ಮಾಡುವ ವಿಸ್ಪರ್ ಎಂಬ ಎಐಯ ಲಾರ್ಜ್ ಮಾದರಿ 8-ಬಿಟ್‌ಗೆ ಇಳಿಸಿದ ರೂಪದಲ್ಲಿ ಸುಮಾರು 3 ಜಿಬಿ ಹಿಡಿಯುತ್ತೆ. ಅದನ್ನು ಟೆಂಪ್ಲೇಟಿಗೆ ಹಂಚುವ 800 ಕೋಟಿ ಪ್ಯಾರಾಮೀಟರಿನ ಭಾಷಾ ಮಾದರಿ 4-ಬಿಟ್‌ನಲ್ಲಿ 5-6 ಜಿಬಿ. ಎರಡೂ ಒಟ್ಟಿಗೆ ಓಡುತ್ತವೆ. ಭಾಷಾ ಮಾದರಿಯ ಟೆಂಪರೇಚರ್ (ಪದ ಆರಿಸುವಾಗ ಎಷ್ಟು ಸ್ವಾತಂತ್ರ್ಯ ಅನ್ನುವ ಸೆಟ್ಟಿಂಗ್) ಸೊನ್ನೆಗೆ ಇಡಿ, ಇಲ್ಲಿ ಕಲ್ಪನಾಶಕ್ತಿ ಬೇಡ. ಆ ಪಿಸಿಗೆ ಪ್ರತ್ಯೇಕ ಯುಪಿಎಸ್ ಕೊಡಿ, ಸಿಟಿಯ ಯುಪಿಎಸ್ಸಿಗೆ ಸಿಕ್ಕಿಸಬೇಡಿ.

ವಿಸ್ಪರ್ ಎಲ್ಲಿ ಕೈ ಕೊಡುತ್ತೆ ಅಂದರೆ, ಮೌನದಲ್ಲಿ. ಧ್ವನಿಯನ್ನು ಅದು 30 ಸೆಕೆಂಡಿನ ತುಂಡುಗಳಾಗಿ ಓದುತ್ತೆ. ಡಾಕ್ಟರು ಚಿತ್ರ ನೋಡುತ್ತ ಸುಮ್ಮನಾದರೆ ಆ ಖಾಲಿ ಜಾಗದಲ್ಲಿ ಯಾರೂ ಆಡದ ವಾಕ್ಯ ಹುಟ್ಟಿಸುತ್ತೆ. 'ಥ್ಯಾಂಕ್ಯೂ ಫಾರ್ ವಾಚಿಂಗ್' ಅಂತ ಬಂದರೆ ನಕ್ಕು ಅಳಿಸಬಹುದು, 'ನೋ ಫ್ರೀ ಫ್ಲೂಯಿಡ್' ಅಂತ ಬಂದರೆ ಗೊತ್ತೇ ಆಗುವುದಿಲ್ಲ ಮಾರಾಯ್ರೆ. ಪರಿಹಾರ ಎರಡು: ಮಾತಿದ್ದಾಗ ಮಾತ್ರ ಮುಂದೆ ಕಳಿಸುವ ವಿಎಡಿ ಫಿಲ್ಟರ್, ಮತ್ತು ಒತ್ತಿದಾಗ ಮಾತ್ರ ಮೈಕ್ ತೆರೆಯುವ ಕಾಲಿನ ಪೆಡಲ್. ಪೆಡಲ್ ಇದ್ದರೆ ಪಕ್ಕದ ಕೋಣೆಯಲ್ಲಿ ರೋಗಿಯ ಹೆಸರು ಕೂಗುವ ಸದ್ದೂ ಒಳಗೆ ಬರುವುದಿಲ್ಲ.

ಪದಗಳ ಗೊಂದಲವೂ ಇದೆ. ಹೈಪೋಎಕೊಯಿಕ್ ಮತ್ತು ಹೈಪರ್‌ಎಕೊಯಿಕ್, ಪೆರೋನಿಯಲ್ ಮತ್ತು ಪೆರಿನಿಯಲ್, ಫಿಫ್ಟೀನ್ ಮತ್ತು ಫಿಫ್ಟಿ. 15 ಅನ್ನು 'ಒನ್ ಫೈವ್' ಅಂತ ಹೇಳುವ ರೂಢಿ ಮಾಡಿಸಿ. ವಿಸ್ಪರ್‌ಗೆ ಮೊದಲೇ ಪದಪಟ್ಟಿ ಕೊಡಬಹುದು, ಆದರೆ ಅದು ನೋಡುವುದು 224 ಟೋಕನ್ (ಪದದ ತುಣುಕು) ಮಾತ್ರ. ನಿಮ್ಮಲ್ಲಿ ದಿನವೂ ತಪ್ಪುವ ನಲವತ್ತು ಪದ ಹಾಕಿ, ಇಡೀ ಅಂಗರಚನಾಶಾಸ್ತ್ರ ತುಂಬಬೇಡಿ.

ಹೊರಗಿನ ಸೇವೆಗೆ ಏನಾದರೂ ಕಳಿಸುವುದಾದರೆ ಹೆಸರು, ಐಡಿ, ಹುಟ್ಟಿದ ದಿನ ತೆಗೆಯಿರಿ. ಡೈಕಾಮ್ ಹೆಡರಿನಿಂದ ತೆಗೆದರೆ ಮುಗಿಯಲಿಲ್ಲ. ಅಲ್ಟ್ರಾಸೌಂಡ್ ಚಿತ್ರದ ಮೇಲಂಚಿನಲ್ಲಿ ಹೆಸರು ಪಿಕ್ಸೆಲ್‌ನಲ್ಲೇ ಅಚ್ಚಾಗಿರುತ್ತೆ, ಆ ಪಟ್ಟಿಯನ್ನೇ ಕಪ್ಪು ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಮಟ್ಟಿಗೆ ಹೊಣೆ ನಿಮ್ಮ ಸೆಂಟರಿನದು. ಸಾಫ್ಟ್‌ವೇರ್ ಮಾರಿದವರ ಕಡೆ ಕೈ ತೋರಿಸಿದರೆ ನಡೆಯುವುದಿಲ್ಲ.

ಶರಾವತಿ_ದಂಡೆ

ಗರ್ಭಿಣಿಯರ ಸ್ಕ್ಯಾನಿಗೆ ಯಾರೂ ಉತ್ತರ ಕೊಟ್ಟಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ಭ್ರೂಣದ ಲಿಂಗವನ್ನು ಮಾತಿನಿಂದ, ಸನ್ನೆಯಿಂದ, ಬೇರೆ ಯಾವುದೇ ರೀತಿಯಿಂದ ತಿಳಿಸುವುದು ಅಪರಾಧ. ಎಐ ಇಲ್ಲಿ ಸಿಕ್ಕಿಬೀಳುವುದು ಸರ್ವನಾಮದಲ್ಲಿ. ಇಂಗ್ಲಿಷ್ ಡ್ರಾಫ್ಟಿನಲ್ಲಿ ಭ್ರೂಣದ ಭಾಗಕ್ಕೆ ಸುಮ್ಮನೆ 'ಹಿಸ್' ಅಥವಾ 'ಹರ್' ಅಂತ ಬರೆದುಬಿಟ್ಟೀತು. ಅದು ಊಹೆಯೇ ಆಗಿರಲಿ, ಕಾಗದದ ಮೇಲೆ ಬಂದರೆ ವಿವರಿಸುತ್ತ ಕೂರಬೇಕಾದವರು ನೀವು. ಭ್ರೂಣದ ಭಾಗದಲ್ಲಿ ಹೀ, ಶೀ, ಹಿಸ್, ಹರ್, ಮೇಲ್, ಫೀಮೇಲ್ ಕಂಡರೆ ಪ್ರಿಂಟ್ ಆಗದಂತೆ ತಡೆ ಹಾಕಿ. ತಾಯಿಗೆ 'ಪೇಶೆಂಟ್' ಅಂತಲೇ ಬಳಸಿ, ಆಗ ತಡೆ ಸುಳ್ಳುಸುಳ್ಳೇ ಹೊಡೆದುಕೊಳ್ಳುವುದಿಲ್ಲ. ಕನ್ನಡದಲ್ಲಿ ಈ ರಗಳೆ ಕಡಿಮೆ, ನಮ್ಮ ಮಗು ಹೇಗೂ 'ಅದು'.

ಗರ್ಭಿಣಿಯರ ಸ್ಕ್ಯಾನಿಗೆ ಇದೇ ಕಾಯ್ದೆಯಡಿ ತುಂಬುವ ಫಾರ್ಮ್ ಎಫ್ ಅನ್ನು ಎಐ ಕೈಗೆ ಕೊಡಬೇಡಿ. ದಾಖಲೆ ಎರಡು ವರ್ಷ ಇಡಬೇಕು, ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಹೋಗಬೇಕು. ಅದರಲ್ಲಿ ಒಂದು ಖಾನೆ ಖಾಲಿ ಬಿದ್ದರೂ ಕಷ್ಟ, ತಾನಾಗಿ ತುಂಬಿದರೆ ಇನ್ನೂ ಕಷ್ಟ.

ಹೆರಿಗೆ ದಿನಾಂಕದಲ್ಲೂ ಎಚ್ಚರ. 12 ವಾರದಲ್ಲಿ ಸಿಆರ್‌ಎಲ್ (ಭ್ರೂಣದ ತಲೆಯಿಂದ ಪೃಷ್ಠದವರೆಗಿನ ಉದ್ದ) ನೋಡಿ ನಿಗದಿಯಾದ ದಿನಾಂಕವನ್ನು 34 ವಾರದ ಸ್ಕ್ಯಾನಿನಲ್ಲಿ ಬದಲಿಸಬಾರದು. ಎಐಗೆ ಆ ದಿನದ ಅಳತೆ ಮಾತ್ರ ಕೊಟ್ಟರೆ ಹೊಸ ದಿನಾಂಕ ಲೆಕ್ಕ ಹಾಕಿ ಕೊಡುತ್ತೆ. ಆಗ ಬೆಳವಣಿಗೆ ಕುಂಠಿತವಾದ ಮಗು 'ಎರಡು ವಾರ ಚಿಕ್ಕ ಗರ್ಭ' ಅಂತ ಕಾಣಿಸಿ ತಪ್ಪಿಹೋಗುತ್ತೆ. ಮೊದಲ ಸ್ಕ್ಯಾನಿನ ದಿನಾಂಕ ಬೀಗ ಹಾಕಿದ ಖಾನೆಯಲ್ಲಿರಲಿ. ಕೊನೆಯ ಮುಟ್ಟಿಗೆ 280 ದಿನ ಕೂಡಿಸುವ ಲೆಕ್ಕವೂ ಎಕ್ಸೆಲ್ ಮಾಡಲಿ, ಭಾಷಾ ಮಾದರಿ ಬೇಡ.

ಶಿರಸಿ_ಪೇಟೆ

ಉಪಕಾರ ಆಯ್ತು. ರಿಪೋರ್ಟಿನ ಕೊನೆಯಲ್ಲಿ ಸಾರಾಂಶ ಹೇಳುವ ಇಂಪ್ರೆಶನ್ ಭಾಗ ಎಐ ಬರೆಯಬಹುದೇ? ರೋಗಿಗೆ ಕನ್ನಡದಲ್ಲಿ ಒಂದು ಚೀಟಿ ಕೊಡುವ ಯೋಚನೆಯೂ ಇದೆ.

ಗಂಗಾವಳಿ

ಇಂಪ್ರೆಶನ್ ಬರೆಸಬಹುದು ಅಂತ ನನ್ನ ಅಭಿಪ್ರಾಯ. ಹೇಗೂ ಡಾಕ್ಟರು ಓದಿಯೇ ಸಹಿ ಹಾಕುವುದು.

ಕಾಳಿ_ಅಳಿವೆ

ನಾನು ಒಪ್ಪುವುದಿಲ್ಲ. ಕಳಿಸಿದ ಡಾಕ್ಟರು ಓದುವುದು ಆ ಮೂರು ಸಾಲು ಮಾತ್ರ, ಅದು ತೀರ್ಮಾನ. ಎಐ ಬರೆದದ್ದನ್ನು ಮೊದಲು ಓದಿದರೆ ಮನಸ್ಸು ಅದಕ್ಕೇ ವಾಲುತ್ತೆ. ಜೊತೆಗೆ ಅದು ಎಲ್ಲದಕ್ಕೂ 'ಎಂಆರ್‌ಐ ಸಜೆಸ್ಟೆಡ್' ಅಂತ ಬಾಲ ಅಂಟಿಸುತ್ತೆ. ಜೋಯ್ಡಾದ ಒಳಹಳ್ಳಿಯವರಿಗೆ ಅದು ಹುಬ್ಬಳ್ಳಿಗೋ ಗೋವಾದ ಬಾಂಬೋಳಿಗೋ ಒಂದು ದಿನದ ಓಡಾಟ, ಕೂಲಿ ಹೋಯ್ತು.

ತಿರುಗಿಸಿ ಬಳಸಿ: ಇಂಪ್ರೆಶನ್ ಡಾಕ್ಟರು ಬರೆಯಲಿ, ಫೈಂಡಿಂಗ್ಸ್‌ನಲ್ಲಿ (ಚಿತ್ರದಲ್ಲಿ ಕಂಡದ್ದರ ವಿವರ) ಇದ್ದು ಇಂಪ್ರೆಶನ್‌ನಲ್ಲಿ ಬಿಟ್ಟುಹೋದದ್ದನ್ನು ಎಐ ಪಟ್ಟಿ ಮಾಡಲಿ. ಕಿಡ್ನಿ ಕಲ್ಲಿಗೆ ಅಂತ ಮಾಡಿದ ಸಿಟಿಯ ಮೇಲಿನ ಕಟ್‌ಗಳಲ್ಲಿ ಶ್ವಾಸಕೋಶದ ಬುಡದ 7 ಎಂಎಂ ಗಂಟು ಕಂಡಿತು, ಡಾಕ್ಟರು ಹೇಳಿದರು, ಇಂಪ್ರೆಶನ್‌ನಲ್ಲಿ ಬರೀ ಕಲ್ಲು ಬಂತು ಅನ್ನಿ. ಶ್ವಾಸಕೋಶದ ಗಂಟುಗಳ ಬಗ್ಗೆ 2017ರ ಫ್ಲೈಶ್ನರ್ ಮಾರ್ಗಸೂಚಿಯಂತೆ, ಎದೆ ಪೂರ್ತಿ ಬರದ ಇಂಥ ಸಿಟಿಯಲ್ಲಿ ಕಂಡ ಗಂಟು 6ರಿಂದ 8 ಎಂಎಂ ಇದ್ದರೆ 3-12 ತಿಂಗಳಲ್ಲಿ ಇಡೀ ಎದೆಯ ಸಿಟಿ. ಆದರೆ 35 ವರ್ಷದೊಳಗಿನವರಿಗೆ, ಕ್ಯಾನ್ಸರ್ ಇರುವವರಿಗೆ ಆ ಸೂತ್ರ ಅನ್ವಯಿಸುವುದಿಲ್ಲ. ಇಂಥ ಬಿಟ್ಟುಹೋದದ್ದನ್ನು ಹಿಡಿಯುವುದರಲ್ಲಿ ಎಐ ನಿಜಕ್ಕೂ ಚುರುಕು.

ಶರಾವತಿ_ದಂಡೆ

ಕನ್ನಡ ಚೀಟಿಗೆ ಪದಕೋಶ ಕಟ್ಟದೆ ಶುರು ಮಾಡಬೇಡಿ. ಯಂತ್ರಾನುವಾದಕ್ಕೆ ಮಾಸ್ ಅಂದರೆ 'ದ್ರವ್ಯರಾಶಿ', ಕ್ಯಾಲ್ಕುಲಸ್ ಅಂದರೆ 'ಕಲನಶಾಸ್ತ್ರ', ಇಂಪ್ರೆಶನ್ ಅಂದರೆ 'ಅನಿಸಿಕೆ'. ಎಡ ಕಿಡ್ನಿಯಲ್ಲಿ ಕಲನಶಾಸ್ತ್ರ ಇದೆ ಅಂದರೆ ಏನು ಮಾಡುವುದು! ಮಾಸ್‌ಗೆ 'ಗಡ್ಡೆ' ಅಂದರೆ ನಮ್ಮ ಜನಕ್ಕೆ ಕ್ಯಾನ್ಸರ್ ಅಂತಲೇ ಕೇಳಿಸುತ್ತೆ, 'ಗಂಟು' ಸಾಕು. ಸಿಸ್ಟ್‌ಗೆ 'ನೀರುಗುಳ್ಳೆ', ಕ್ಯಾಲ್ಕುಲಸ್‌ಗೆ 'ಕಲ್ಲು'. ಸುಮಾರು 150 ಪದ ಡಾಕ್ಟರೇ ಒಪ್ಪಿ ಕೊಟ್ಟರೆ ಮುಕ್ಕಾಲು ಪಾಲು ಚೀಟಿ ಮುಗಿಯುತ್ತೆ. ಕ್ಯಾನ್ಸರ್ ಸಂಶಯ, ಗರ್ಭಪಾತ, ಮಗುವಿನ ನ್ಯೂನತೆ ಇದ್ದಲ್ಲಿ ಚೀಟಿ ಬೇಡ, ಡಾಕ್ಟರೇ ಕೂರಿಸಿ ಹೇಳಬೇಕು.

ಶಿರಸಿ_ಪೇಟೆ

ಹಾಗಾದರೆ ಕಲ್ಲಿನ ಸಿಟಿಯಿಂದ ಶುರು ಮಾಡುತ್ತೇವೆ. ಒಂದು ತೊಡಕು: ಹಳೆಯ ಅಲ್ಟ್ರಾಸೌಂಡಿನಲ್ಲಿ ಎಸ್‌ಆರ್ ಇಲ್ಲ, ಸ್ಕ್ರೀನ್ ಚಿತ್ರ ಮಾತ್ರ ಬರುತ್ತೆ. ಅದರಿಂದ ಅಂಕಿ ಓದಿಸುವ ಓಸಿಆರ್ ಹಾಕಬಹುದೇ?

ಕಾಳಿ_ಅಳಿವೆ

ಬೇಡ. ಹಳೆ ಪರದೆಯ ದಶಾಂಶ ಬಿಂದು ಒಂದೆರಡು ಪಿಕ್ಸೆಲ್ ಅಷ್ಟೇ, ಓಸಿಆರ್ ಅದನ್ನು ನುಂಗುತ್ತೆ. ಪ್ರೋಸ್ಟೇಟ್ 4.5 × 4.0 × 4.2 ಸೆಂಮೀ, ಗುಣಿಸು 0.52, ಅಂದರೆ 39 ಸಿಸಿ. ಕೊನೆಯದು 42 ಅಂತ ಓದಿದರೆ 393 ಸಿಸಿ. ಆ ಮಷೀನಿನ ಅಳತೆ ಕೈಯಲ್ಲೇ ಹೊಡೆಯಲಿ, ಪ್ರತಿ ಖಾನೆಗೂ ಮಿತಿ ಹಾಕಿ: ಪ್ರೋಸ್ಟೇಟಿನ ಯಾವುದೇ ಅಳತೆ 10 ಸೆಂಮೀ ದಾಟಿದರೆ ಮತ್ತೊಮ್ಮೆ ಕೇಳಲಿ. ಶುರುವಿಗೆ ಮುಂಚೆ ಸಹಿಯಾದ ಹಳೆ ರಿಪೋರ್ಟುಗಳಿಂದ ನೂರು ಆರಿಸಿ, ಹೆಸರು ತೆಗೆದು, ಹೊಸದಾಗಿ ಡಿಕ್ಟೇಟ್ ಮಾಡಿಸಿ ತಾಳೆ ನೋಡಿ. ಅದರಲ್ಲಿ ಎಪ್ಪತ್ತಾದರೂ ರೋಗ ಇರುವವೇ ಇರಲಿ. ನಾರ್ಮಲ್ ರಿಪೋರ್ಟ್ ಯಾವ ಸಾಫ್ಟ್‌ವೇರೂ ಚೆನ್ನಾಗಿಯೇ ಬರೆಯುತ್ತೆ.