ಮೂತಿಗೆ ಸ್ಟೆಪ್ನಿ ಕಟ್ಟಬಹುದಾ? ಚಾಸಿ ಮೇಸ್ತ್ರಿಗೆ ಕೇಳಿ

ಅಡ್ಮಿನ್: ಹೋದ ವಾರ ಲಾರಿ ಮೂತಿಗೆ ಸ್ಟೆಪ್ನಿ, ಅಂದರೆ ಸ್ಪೇರ್ ಚಕ್ರ, ಕಟ್ಟಿದ ಫೋಟೋ ಒಂದು ಬಂತು. ಅವತ್ತಿನಿಂದ ಗುಂಪಿನಲ್ಲಿ ಇದೇ ಮಾತು. ಅದಕ್ಕೆ ಲಾರಿ ಬಾಡಿ ಕಟ್ಟುವ, ಚಾಸಿ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ರಿಪೇರಿ ಮಾಡುವ ನಮ್ಮ ಹಿರಿಯ ಸದಸ್ಯರನ್ನು ಕೂರಿಸಿದ್ದೇವೆ. ಹೆಸರು ಬೇಡ ಅಂದಿದ್ದಾರೆ, ಚಾಸಿ ಮೇಸ್ತ್ರಿ ಅನ್ನಿ ಸಾಕು. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳಬೇಡಿ.

ಚಿಕ್ಕ ಗೇರ್: ಮೇಸ್ತ್ರಿಗಳೇ, ನಮಸ್ಕಾರ. ನನ್ನದು ಪಿಕಪ್. ಹಿಂದೆ ಸಾಮಾನು ತುಂಬಿದರೆ ಸ್ಟೆಪ್ನಿಗೆ ಜಾಗವಿಲ್ಲ. ಅಡಿಯಲ್ಲಿ ನೇತುಹಾಕಿದರೆ ಕೆಸರಲ್ಲಿ ಮಲಗಿ ಬಿಚ್ಚಬೇಕು. ಮುಂದೆ ಗ್ರಿಲ್ ಎದುರು ಕಟ್ಟಿಬಿಡಲಾ?

ಚಾಸಿ ಮೇಸ್ತ್ರಿ: ನಮಸ್ಕಾರ. ಕಟ್ಟಿಕೊಡುವವರು ಸಿಗುತ್ತಾರೆ. ನಾನು ಕಟ್ಟಿಕೊಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಗ್ರಿಲ್ ಹಿಂದೆ ಬಿಸಿ ಹೊರಹಾಕುವ ಭಾಗಗಳು, ಎಸಿ ಕಂಡೆನ್ಸರ್, ಇಂಟರ್‌ಕೂಲರ್, ರೇಡಿಯೇಟರ್, ಸಾಲಾಗಿ ನಿಂತಿರುತ್ತವೆ. ಎಲ್ಲಕ್ಕೂ ಗಾಳಿ ಒಂದೇ ಬಾಗಿಲಿಂದ ಬರಬೇಕು. ಆ ಬಾಗಿಲಿಗೆ ನೀವು ಟೈರ್ ಅಡ್ಡ ಇಡುತ್ತೀರಿ. ಸಮ ರಸ್ತೆಯಲ್ಲಿ ಖಾಲಿ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಲೋಡು ಹಾಕಿ ಏರು ಹತ್ತಿಸಿ ನೋಡಿ. ವೇಗ ಕಡಿಮೆ, ಎಂಜಿನ್ ಜೋರು, ಆಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇಳುತ್ತದೆ.

ಇನ್ನು ತೂಕ. 30 ಕೆಜಿ ಚಕ್ರ ಮುಂದಿಟ್ಟರೆ ಮುಂದೆ 30 ಕೆಜಿ ಜಾಸ್ತಿ ಅಂದುಕೊಳ್ಳುತ್ತಾರೆ, ಅಲ್ವಾ? ಲೆಕ್ಕ ಹಾಗಲ್ಲ. ಎರಡು ಆಕ್ಸಲ್ (ಚಕ್ರಗಳ ಅಚ್ಚು) ನಡುವೆ 3 ಮೀಟರ್ ಇದೆ, ಚಕ್ರ ಮುಂದಿನ ಆಕ್ಸಲ್‌ಗಿಂತ 1 ಮೀಟರ್ ಮುಂದೆ ಇದೆ ಅಂತಿಟ್ಟುಕೊಳ್ಳಿ. ಮುಂದಿನ ಆಕ್ಸಲ್ ಮೇಲೆ 40 ಕೆಜಿ ಏರುತ್ತದೆ, ಹಿಂದಿನದರ ಮೇಲೆ 10 ಕೆಜಿ ಇಳಿಯುತ್ತದೆ. ತಕ್ಕಡಿ ಹಾಗೆ. ಖಾಲಿ ಪಿಕಪ್‌ನ ಹಿಂಭಾಗ ಮೊದಲೇ ಹಗುರ. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಬೇಗ ಜಾರುತ್ತದೆ.

ಹೆಡ್‌ಲೈಟ್, ಇಂಡಿಕೇಟರ್, ನಂಬರ್ ಪ್ಲೇಟ್ ಮರೆಯಾಗಬಾರದು. ಕೆಲವು ಹೊಸ ಗಾಡಿಗಳಲ್ಲಿ ತಾನಾಗಿ ಬ್ರೇಕ್ ಹಾಕಿಸುವ ರೇಡಾರ್, ಗ್ರಿಲ್ ಅಥವಾ ಬಂಪರ್ ಹತ್ತಿರವೇ ಇರುತ್ತದೆ, ಅದಕ್ಕೆ ಟೈರ್ ಅಂದರೆ ಗೋಡೆ. ನಿಮ್ಮ ಗಾಡಿಗೆ ಸಾಮಾನು ತುಂಬುವ ತೊಟ್ಟಿಯ ಪಕ್ಕದ ಗೋಡೆಗೆ ನಿಲ್ಲಿಸಿ ಬಿಗಿಯುವ ಬ್ರಾಕೆಟ್ ಹಾಕಿಸಿ. ಒಂದು ಗೇಣು ಜಾಗ ಹೋಗುತ್ತದೆ, ಹೋಗಲಿ.

ಹಳೇ ಹುಲಿ: ಮೇಸ್ತ್ರಿಗಳು ಸುಮ್ನೆ ಹೆದರಿಸುತ್ತಿದ್ದಾರೆ. ಹಳೇ ಫೋಕ್ಸ್‌ವ್ಯಾಗನ್ ಬಸ್ಸಿನ ಫೋಟೋ ನೋಡಿ, ಮೂತಿ ಮೇಲೆ ಸ್ಟೆಪ್ನಿ. ಲ್ಯಾಂಡ್ ರೋವರ್ ನೋಡಿ, ಬಾನೆಟ್ ಮೇಲೆ ಸ್ಟೆಪ್ನಿ. ಅವರೆಲ್ಲ ದಡ್ಡರಾ?

ಚಾಸಿ ಮೇಸ್ತ್ರಿ: ದಡ್ಡರಲ್ಲ. ಫೋಟೋ ಕಳಿಸಿದವರು ಆ ಬಸ್ಸಿನ ಎಂಜಿನ್ ಎಲ್ಲಿದೆ ಅಂತ ನೋಡಿಲ್ಲ ಅಷ್ಟೇ. 1950ರಿಂದ ಬಂದ ಆ ಬಸ್ಸಿಗೆ ಎಂಜಿನ್ ಹಿಂದೆ. ತಣಿಸುವುದು ಗಾಳಿ, ನೀರಲ್ಲ. ಮುಂದೆ ರೇಡಿಯೇಟರೇ ಇಲ್ಲ. ಮುಚ್ಚುವುದಕ್ಕೆ ಏನಿದೆ? ಲ್ಯಾಂಡ್ ರೋವರ್‌ನಲ್ಲಿ ಸ್ಟೆಪ್ನಿ ಬಾನೆಟ್ ಮೇಲೆ ಮಲಗಿರುತ್ತದೆ, ಗ್ರಿಲ್ ಎದುರು ನಿಂತಿರುವುದಿಲ್ಲ. ಆ ಬಾನೆಟ್ಟಿಗೆ ಅದಕ್ಕೆಂದೇ ತಗ್ಗು, ಬಿಗಿಯುವ ಜಾಗ ಎಲ್ಲ ಕೊಟ್ಟಿದ್ದಾರೆ. ನಿಮ್ಮ ಬಾನೆಟ್ ತೆಳು ತಗಡು. ಅದರ ಕೀಲು, ಲಾಕು ಬಾನೆಟ್ಟಿನ ಸ್ವಂತ ತೂಕಕ್ಕೆ ಮಾಡಿದ್ದು.

ನಟ್ಟು ಬೋಲ್ಟು: ತಿದ್ದುಪಡಿ. ಆ ಬಸ್ಸುಗಳೆಲ್ಲ ಗಾಳಿಯಿಂದ ತಣಿಯುತ್ತಿದ್ದವು ಅನ್ನುವುದು ಪೂರ್ತಿ ನಿಜವಲ್ಲ. ಬ್ರೆಜಿಲ್‌ನಲ್ಲಿ 2013ರವರೆಗೂ ಅದು ತಯಾರಾಗುತ್ತಿತ್ತು. ಕೊನೆಯ ವರ್ಷಗಳ ಗಾಡಿಗಳಿಗೆ ನೀರಿನಿಂದ ತಣಿಯುವ ಎಂಜಿನ್, ಮೂತಿಯಲ್ಲಿ ರೇಡಿಯೇಟರ್.

ಹಳೇ ಹುಲಿ: ನೋಡಿದ್ರಾ! ಮೇಸ್ತ್ರಿಗೂ ಎಲ್ಲ ಗೊತ್ತಿಲ್ಲ.

ನಟ್ಟು ಬೋಲ್ಟು: ಅಣ್ಣ, ಅದು ನಿಮ್ಮ ಪರವಾಗಿ ಅಲ್ಲ. ಆ ಗಾಡಿಗಳ ಮೂತಿಯಲ್ಲಿ ಕರಿ ಗ್ರಿಲ್ ಇದೆ. ಹಳೇ ಬಸ್ಸಿನಲ್ಲಿ ಸ್ಟೆಪ್ನಿ ಕೂರುತ್ತಿದ್ದ ಜಾಗದಲ್ಲೇ ಇದೆ.

ಚಾಸಿ ಮೇಸ್ತ್ರಿ: ತಿದ್ದಿದ್ದು ಸರಿ. ಒಪ್ಪಿದೆ.

ರಾತ್ರಿ ಪಾಳಿ: ಅಣ್ಣ, ನಾನು ಕೇಳುವುದು ತಡವಾಯಿತೇನೋ. ಆರು ತಿಂಗಳ ಹಿಂದೆಯೇ ಕಟ್ಟಿಸಿದ್ದೇನೆ. ಆರು ಚಕ್ರದ ಸಣ್ಣ ಲಾರಿ, ಚಪ್ಪಟೆ ಮೂತಿ. ಚಕ್ರ ರಿಮ್ ಸಮೇತ 50 ಕೆಜಿ. ಕಬ್ಬಿಣದ ಎರಡು ತೋಳು ಚಾಸಿಗೆ ವೆಲ್ಡ್ ಮಾಡಿ ಕೊಟ್ಟಿದ್ದಾರೆ, ಗಟ್ಟಿಯಾಗೇ ಇದೆ. ಈಗ ಎರಡು ವಾರದಿಂದ ಗುಂಡಿಗೆ ಇಳಿದಾಗ ಕಾಲಡಿಯಲ್ಲಿ ಕಟಕ್ ಅನ್ನುತ್ತದೆ. ಸ್ಟೀರಿಂಗ್ ತಿರುಗಿಸುವಾಗಲೂ ಒಮ್ಮೊಮ್ಮೆ. ಗ್ರೀಸ್ ಹೊಡೆಸಿದೆ, ಹೋಗಲಿಲ್ಲ.

ಚಾಸಿ ಮೇಸ್ತ್ರಿ: ಗಾಡಿ ಈಗ ಎಲ್ಲಿದೆ, ಓಡುತ್ತಿದೆಯಾ? ವೆಲ್ಡ್ ಚಾಸಿಯ ಉದ್ದ ಪಟ್ಟಿಯ ಮೇಲಿನ ಅಂಚಿಗೋ, ನಡುವಿನ ನಿಂತ ಭಾಗಕ್ಕೋ? ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ದಾಟಿಸುವ ಸ್ಟೀರಿಂಗ್ ಬಾಕ್ಸ್ ವೆಲ್ಡಿನಿಂದ ಎಷ್ಟು ದೂರ?

ಶುಭ ಪ್ರಯಾಣ: ಫಾರ್ವರ್ಡ್ ಬಂದಿದ್ದು: ಸ್ಟೆಪ್ನಿ ಮುಂದೆ ಇದ್ದರೆ ಡಿಕ್ಕಿ ಆದಾಗ ಸ್ಪಂಜಿನ ಹಾಗೆ ಏಟು ಹೀರುತ್ತದೆ, ಡ್ರೈವರ್ ಜೀವ ಉಳಿಯುತ್ತದೆ. ಎಲ್ಲರಿಗೂ ಕಳಿಸಿ 🙏

ಚಾಸಿ ಮೇಸ್ತ್ರಿ: ಯಾರಿಗೂ ಕಳಿಸಬೇಡಿ. ಗಾಳಿ ತುಂಬಿದ ಟೈರ್ ಸ್ಪಂಜಲ್ಲ. ನಡುವೆ ಉಕ್ಕಿನ ರಿಮ್ ಇದೆ, ಅದರ ಹಿಂದೆ ಉಕ್ಕಿನ ತೋಳು. ಗಾಡಿಯ ಮುಂಭಾಗದಲ್ಲಿ ಯಾವುದು ಎಲ್ಲಿ ಮಡಚಬೇಕು ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ನೀವು ನಡುವೆ ಒಂದು ಒನಕೆ ಇಟ್ಟರೆ ಲೆಕ್ಕ ಕೆಡುತ್ತದೆ. ಎದುರಿಗೆ ಬಂದವನು ಮನುಷ್ಯನಾದರೆ ಆ ರಿಮ್ಮು, ನಟ್ಟು ಅವನ ಎದೆಗೇ ಬೀಳುತ್ತವೆ. ಗಾಡಿಯ ಮುಂಭಾಗದಲ್ಲಿ ಚೂಪಾಗಿ ಚಾಚಿದ್ದು ಇರಬಾರದು ಅಂತ ವಿಶ್ವಸಂಸ್ಥೆಯ ವಾಹನ ನಿಯಮವೇ ಇದೆ, ಲಾರಿಗಳಿಗೆ 61ನೇ ನಂಬರ್.

ಗಾಜಿನ ಕಿಟಕಿ: ಸರ್, ಪಿಕಪ್‌ಗೆ ಮುಂದೆ ಕಟ್ಟಬಹುದಾ?

ಚಾಸಿ ಮೇಸ್ತ್ರಿ: ಮೊದಲ ಉತ್ತರ ಓದಿ.

ರಾತ್ರಿ ಪಾಳಿ: ಗಾಡಿ ಮನೆ ಮುಂದೆ ಇದೆ ಅಣ್ಣ. ರಾತ್ರಿ ಹತ್ತಕ್ಕೆ ಹೊರಡಬೇಕು. ವೆಲ್ಡ್ ಮೇಲಿನ ಅಂಚಿಗೆ ಇದೆ. ಸ್ಟೀರಿಂಗ್ ಬಾಕ್ಸ್ ಬಲಗಡೆ ಅದೇ ಪಟ್ಟಿಗೆ ಕೂತಿದೆ. ಒಂದು ಗೇಣು ದೂರ.

ಚಾಸಿ ಮೇಸ್ತ್ರಿ: ಹೊರಡಬೇಡಿ. ಮಿಕ್ಕವರು ಸ್ವಲ್ಪ ಸುಮ್ಮನಿರಿ, ಇದು ಮುಖ್ಯ.

ಚಾಸಿ ಪಟ್ಟಿಯ ಮೇಲಿನ ಅಂಚು, ಕೆಳಗಿನ ಅಂಚು, ಇವೆರಡೇ ಬಾಗುವ ಭಾರವನ್ನು ಹೆಚ್ಚು ಹೊರುವುದು. ಅಲ್ಲಿ ತೂತು ಕೊರೆಯಬಾರದು, ಮನಸ್ಸಿಗೆ ಬಂದಹಾಗೆ ವೆಲ್ಡ್ ಮಾಡಬಾರದು ಅಂತ ಗಾಡಿ ತಯಾರಕರು ಬಾಡಿ ಕಟ್ಟುವವರಿಗೆ ಕೊಡುವ ಪುಸ್ತಕದಲ್ಲೇ ಬರೆದಿರುತ್ತಾರೆ. ವೆಲ್ಡ್ ಕಾವಿಗೆ ಪಕ್ಕದ ಉಕ್ಕಿನ ಗುಣವೇ ಬದಲಾಗುತ್ತದೆ. ಸೀಳು ಶುರುವಾಗುವುದು ವೆಲ್ಡಿನ ನಡುವೆ ಅಲ್ಲ, ಅದು ಮುಗಿಯುವ ಅಂಚಿನಲ್ಲಿ. ನೋಡುವವರಿಗೆ ವೆಲ್ಡ್ ಗಟ್ಟಿಯಾಗೇ ಕಾಣುತ್ತದೆ. ನಿಮಗೂ ಹಾಗೇ ಕಂಡಿದೆ.

ನಿಂತಾಗ ಆ ಸ್ಟೆಪ್ನಿ 50 ಕೆಜಿ. ಗುಂಡಿಗೆ ಬಿದ್ದಾಗ ಕ್ಷಣಕಾಲ ಅದರ ಎರಡು ಮೂರು ಪಟ್ಟು ಜಗ್ಗುತ್ತದೆ, ಅದೂ ತೋಳಿನ ತುದಿಯಲ್ಲಿ ನಿಂತು. ಆರು ತಿಂಗಳಲ್ಲಿ ಎಷ್ಟು ಗುಂಡಿ ಅಂತ ನೀವೇ ಎಣಿಸಿಕೊಳ್ಳಿ. ತಂತಿಯನ್ನು ಆಕಡೆ ಈಕಡೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ ನಡೆದಿದೆ. ಗುಂಡಿಯಲ್ಲಿ ಬರುವ ಸದ್ದಿಗಿಂತ ಸ್ಟೀರಿಂಗ್ ತಿರುಗಿಸಿದಾಗ ಬರುವ ಸದ್ದು ನನಗೆ ಹೆದರಿಕೆ. ನೀವು ತಿರುಗಿಸಿದಷ್ಟು ಸಲ ಆ ಬಾಕ್ಸ್ ಪಟ್ಟಿಯನ್ನು ತಳ್ಳುತ್ತದೆ. ಪಟ್ಟಿ ಸೀಳಿದ್ದರೆ ಚಕ್ರ ತಿರುಗುವ ಮೊದಲು ಸೀಳು ಬಾಯಿ ಬಿಡುತ್ತದೆ.

ಈಗ ಹೀಗೆ ಮಾಡಿ. ಎಂಜಿನ್ ತಣ್ಣಗಿರಲಿ, ಹತ್ತಿರ ಬೆಂಕಿ, ಬೀಡಿ ಏನೂ ಬೇಡ. ವೆಲ್ಡ್ ಸುತ್ತ ಒಂದು ಅಂಗೈ ಅಗಲ ತಂತಿ ಬ್ರಷ್‌ನಲ್ಲಿ ಉಜ್ಜಿ ಬಣ್ಣ, ಮಣ್ಣು ತೆಗೆಯಿರಿ. ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ. ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಸೀಳು ಇದ್ದರೆ ಒಳಗೆ ಹೋದ ಸೀಮೆಎಣ್ಣೆ ಹೊರಗೆ ಬಂದು ಪುಡಿಯಲ್ಲಿ ಒದ್ದೆ ಗೆರೆ ಎಳೆಯುತ್ತದೆ. ಫೋಟೋ ಹಾಕಿ. ಗೆರೆ ಕಾಣದಿದ್ದರೂ ಹೊರಡಬೇಡಿ, ಆ ಸದ್ದು ಸುಮ್ನೆ ಬರುವುದಿಲ್ಲ.

ಮಣ್ಣಿನ ದಾರಿ: ಇದರ ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಸ್ಟೆಪ್ನಿಗೆ ನೈಟ್ರೋಜನ್ ತುಂಬಿಸಿದರೆ ಗಾಳಿ ಇಳಿಯುವುದೇ ಇಲ್ಲವಂತೆ?

ನಟ್ಟು ಬೋಲ್ಟು: ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ತಿಂಗಳಿಗೊಮ್ಮೆ ಗೇಜ್ ಇಟ್ಟು ನೋಡಿ, ಸಾಕು.

ಮಣ್ಣಿನ ದಾರಿ: ನಿಮ್ಮನ್ನು ಕೇಳಲಿಲ್ಲ, ಮೇಸ್ತ್ರಿಗಳನ್ನು ಕೇಳಿದೆ.

ನಟ್ಟು ಬೋಲ್ಟು: ಮೇಸ್ತ್ರಿ ಹೇಳಿದರೆ ಗಾಳಿಯ ಲೆಕ್ಕ ಬದಲಾಗುತ್ತದಾ?

ಶುಭ ಪ್ರಯಾಣ: ಬಿಸಿಯಾಗುವ ಗಾಡಿಗೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ಕವಾಟ) ಬಿಚ್ಚಿ ಎಸೆಯಿರಿ, ಜನ್ಮದಲ್ಲಿ ಬಿಸಿಯಾಗಲ್ಲ. ಮುಂದಿನ ಸ್ಟೆಪ್ನಿ ಬಿಸಿಲಿಗೆ ಬಿರಿಯದಿರಲು ವಾರಕ್ಕೊಮ್ಮೆ ಡೀಸೆಲ್ ಒರೆಸಿ. ಅನುಭವಸ್ಥರ ಮಾತು.

ಚಾಸಿ ಮೇಸ್ತ್ರಿ: ಯಾವ ಅನುಭವಸ್ಥ? ಡೀಸೆಲ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಟೈರ್ ಮಿರಮಿರ ಅಂತ ಹೊಳೆಯುತ್ತದೆ, ಒಳಗೆ ಹಾಳಾಗುತ್ತದೆ. ಥರ್ಮೋಸ್ಟಾಟ್ ಬಿಚ್ಚಿದರೆ ಎಂಜಿನ್ ತಣ್ಣಗೇ ಓಡಿ ಸವೆಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ, ಆಗ ಇನ್ನೂ ಬಿಸಿ. ಮೂಗಿಗೆ ಬಟ್ಟೆ ತುರುಕಿಕೊಂಡು ಉಸಿರಾಡಲು ಎದೆ ಕೊಯ್ಯಿಸಿಕೊಂಡ ಹಾಗಾಯಿತು. ಅಡ್ಡ ಇರುವ ಟೈರ್ ತೆಗೆಯಿರಿ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಹೊರಡುತ್ತೇನೆ.

ಶುಭ ಪ್ರಯಾಣ: ಒಳ್ಳೆಯದಕ್ಕೆ ಕಳಿಸಿದ್ದು. ಇಷ್ಟು ಸಿಟ್ಟು ಯಾಕೆ ಸ್ವಾಮಿ.

ಎತ್ತರದ ಸೀಟು: ಮೇಸ್ತ್ರಿಗಳೇ, ನಮ್ಮದು ದೊಡ್ಡ ಲಾರಿ, ಕ್ಯಾಬಿನ್ ಮುಂದಕ್ಕೆ ಮಗುಚುತ್ತದೆ. ಚಕ್ರವನ್ನು ಬಂಪರ್‌ಗೆ ಕಟ್ಟುವುದೋ ಕ್ಯಾಬಿನ್‌ಗೆ ಕಟ್ಟುವುದೋ?

ಚಾಸಿ ಮೇಸ್ತ್ರಿ: ಎರಡಕ್ಕೂ ಬೇಡ. ಬಂಪರ್‌ಗೆ ಕಟ್ಟಿದರೆ ಕ್ಯಾಬಿನ್ ಮಗುಚುವಾಗ ಚಕ್ರಕ್ಕೆ ಬಡಿಯುತ್ತದೆ. ಕ್ಯಾಬಿನ್ ಮಗುಚಿ ಮಾಡುವ ಸಣ್ಣ ಕೆಲಸಕ್ಕೂ ಮೊದಲು ಚಕ್ರ ಇಳಿಸಬೇಕು. ದೊಡ್ಡ ಲಾರಿ ಚಕ್ರ ರಿಮ್ ಸೇರಿ ಸುಮಾರು 100 ಕೆಜಿ, ಒಬ್ಬರೇ ಇಳಿಸುವ ಮಾತಲ್ಲ. ಕ್ಯಾಬಿನ್‌ಗೆ ಕಟ್ಟಿದರೆ ಆ ಭಾರವೂ ಜೊತೆಗೇ ಮಗುಚುತ್ತದೆ. ಕೆಳಗೆ ನಿಂತವನ ಗತಿ ಏನು? ಇನ್ನೊಂದು ವಿಷಯ. ಗಾಜಿನ ಮೇಲ್ಗಡೆ ಕೆಳಮುಖವಾಗಿ ಒಂದು ಕನ್ನಡಿ ಇರುತ್ತದಲ್ಲ, ಅದು ಇರುವುದೇ ಮೂತಿಯ ಮುಂದಿನ 2 ಮೀಟರ್ ತೋರಿಸಲು. ಮಗು ನಿಂತರೆ ಕಾಣಬೇಕಾದ ಜಾಗ. ಅಲ್ಲೇ ಟೈರ್ ಕಂಡರೆ ಕನ್ನಡಿ ಯಾಕೆ?

ಹಳೇ ಹುಲಿ: ಅಂದಹಾಗೆ ಸ್ಟೆಪ್ನಿ ಅನ್ನುವ ಹೆಸರು ಬಂದಿದ್ದು ಲಂಡನ್ನಿನ ಸ್ಟೆಪ್ನಿ ಬಡಾವಣೆಯಿಂದ. ಎಷ್ಟು ಜನಕ್ಕೆ ಗೊತ್ತು?

ನಟ್ಟು ಬೋಲ್ಟು: ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅದು ತಪ್ಪು. ವೇಲ್ಸ್‌ನ ಲನೆಲ್ಲಿ ಅನ್ನುವ ಊರಿನ ಸ್ಟೆಪ್ನಿ ಬೀದಿ. 1904ರಲ್ಲಿ ಡೇವಿಸ್ ಸೋದರರು ಅಲ್ಲಿ ಶುರು ಮಾಡಿದ್ದು. ಆಗಿನ ಕಾರುಗಳಿಗೆ ಸ್ಪೇರ್ ಚಕ್ರವೇ ಇರಲಿಲ್ಲ. ಕಡ್ಡಿಗಳಿಲ್ಲದ ಒಂದು ರಿಮ್‌ಗೆ ಟೈರ್ ಹಾಕಿ, ಪಂಕ್ಚರ್ ಆದ ಚಕ್ರದ ಪಕ್ಕಕ್ಕೇ ಬಿಗಿದು ಓಡಿಸುತ್ತಿದ್ದರು.

ಹಳೇ ಹುಲಿ: ನಾನು ಹೇಳಿದ್ದಕ್ಕೆಲ್ಲ ಅಡ್ಡ ಬರುವುದೇ ನಿಮ್ಮ ಕಸುಬಾ?

ನಟ್ಟು ಬೋಲ್ಟು: ನೀವು ಸರಿಯಾಗಿ ಹೇಳಿದ ದಿನ ಸುಮ್ಮನಿರುತ್ತೇನೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಬಿಳಿ ಪಟ್ಟಿ: ನನ್ನ ಎರಡು ಪ್ರಶ್ನೆ. ಟೈರ್ ಹಳೇದಾ ಅಂತ ನೋಡುವುದು ಹೇಗೆ? ಮುಂದೆ ಹಾಕುವ ಕವರ್ ಕಪ್ಪು ಚೆನ್ನವೋ ಬಿಳಿ ಚೆನ್ನವೋ?

ಚಾಸಿ ಮೇಸ್ತ್ರಿ: ಟೈರ್ ಪಕ್ಕದಲ್ಲಿ ಡಿಒಟಿ (DOT) ಅಂತ ಅಚ್ಚಾಗಿರುವ ಸಾಲಿನ ಕೊನೆಯ 4 ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ.

ಬಿಳಿ ಪಟ್ಟಿ: ಕವರ್?

ಗಾಜಿನ ಕಿಟಕಿ: ಸರ್ ಓದಿದೆ. ಆದರೆ ಸಣ್ಣ ಟೈರ್ ಆದರೆ ಮುಂದೆ ಪರವಾಗಿಲ್ಲವಾ?

ಚಾಸಿ ಮೇಸ್ತ್ರಿ: ಇಲ್ಲ.

ರಾತ್ರಿ ಪಾಳಿ: ಅಣ್ಣ, ಗೆರೆ ಬಂತು. ವೆಲ್ಡಿನ ತುದಿಯಿಂದ ಕೆಳಗೆ ಬೆರಳುದ್ದ. ತುಕ್ಕು ಬಣ್ಣ. ಫೋಟೋ ಹಾಕಿದ್ದೇನೆ.

ಚಾಸಿ ಮೇಸ್ತ್ರಿ: ನೋಡಿದೆ. ತುಕ್ಕು ಇದೆ ಅಂದರೆ ನಿನ್ನೆ ಮೊನ್ನೆಯದಲ್ಲ. ಅಂಚು ಪೂರ್ತಿ ಸೀಳಿ ನಿಂತ ಭಾಗಕ್ಕೆ ಇಳಿದಿದೆ, ಸ್ಟೀರಿಂಗ್ ಬಾಕ್ಸಿನ ಮೊದಲ ಬೋಲ್ಟಿನ ಕಡೆಗೇ ಮುಖ ಮಾಡಿದೆ. ಈ ಗಾಡಿ ಒಂದು ಅಡಿಯೂ ಓಡಬಾರದು.

ಹಳೇ ಹುಲಿ: ಸೀಳಿನ ತುದಿಯಲ್ಲಿ ಒಂದು ತೂತು ಕೊರೆದು, ಮೇಲೆ ವೆಲ್ಡ್ ಎಳೆದುಬಿಡಿ. ನಾವೆಲ್ಲ ಹಾಗೇ ಮಾಡಿದ್ದು.

ಚಾಸಿ ಮೇಸ್ತ್ರಿ: ಅವರ ಗಾಡಿಯಲ್ಲಿ ನೀವು ಕೂರುತ್ತೀರಾ? ತೂತು ಕೊರೆಯುವುದು ಸೀಳು ಮುಂದೆ ಹೋಗದಿರಲಿ ಅಂತ. ರಿಪೇರಿಯಲ್ಲಿ ಅದೊಂದು ಹೆಜ್ಜೆ, ಅದೇ ರಿಪೇರಿ ಅಲ್ಲ. ಸ್ಟೀರಿಂಗ್ ಪಕ್ಕದಲ್ಲಿ ಈ ಆಟ ಬೇಡ.

ರಾತ್ರಿ ಪಾಳಿ, ನೀವು ಇವರ ಮಾತು ಕೇಳಬೇಡಿ. ತಯಾರಕರ ಚಾಸಿ ಕೆಲಸ ಗೊತ್ತಿರುವ ವರ್ಕ್‌ಶಾಪ್‌ಗೇ ಹೋಗಬೇಕು. ಆ ತುಂಡು ಪಟ್ಟಿ ಬದಲಿಸುವುದೋ, ಒಳಗಿನಿಂದ ಜೋಡುಪಟ್ಟಿ ಕೊಡುವುದೋ, ಸ್ಟೀರಿಂಗ್ ಬಾಕ್ಸ್ ಬಿಚ್ಚಿ ನೋಡಿದ ಮೇಲೆ ಅವರು ಹೇಳಲಿ. ಎಡಗಡೆ ವೆಲ್ಡನ್ನೂ ಹೀಗೇ ಪರೀಕ್ಷೆ ಮಾಡಿಸಿ. ವೆಲ್ಡ್ ಮಾಡುವ ಮೊದಲು ಬ್ಯಾಟರಿ ತಂತಿ ಬಿಚ್ಚಲಿ, ತಯಾರಕರು ಹೇಳಿದ್ದರೆ ಗಾಡಿಯ ಕಂಪ್ಯೂಟರ್ ಪ್ಲಗ್ ಕೂಡ. ವೆಲ್ಡಿಂಗ್ ಮಷೀನಿನ ಅರ್ಥಿಂಗ್ ಕ್ಲಿಪ್ಪು ಕೆಲಸದ ಪಕ್ಕದಲ್ಲೇ ಹಾಕಲಿ. ಚಕ್ರಕ್ಕೆ ಸಿಕ್ಕಿಸಿದರೆ ಬೇರಿಂಗ್ ಸುಡುತ್ತದೆ.

ರಾತ್ರಿ ಪಾಳಿ: ಆಗಲಿ ಅಣ್ಣ. ಮಾಲೀಕರಿಗೆ ಹೇಳಿದೆ, ಬೈದರು. ಟೋಯಿಂಗ್ ಗಾಡಿ ಕರೆಸಿದ್ದೇನೆ.

ಮಣ್ಣಿನ ದಾರಿ: ನೈಟ್ರೋಜನ್ ವಿಷಯ ಮೇಸ್ತ್ರಿಗಳು ಹೇಳಲೇ ಇಲ್ಲ.

ಚಿಕ್ಕ ಗೇರ್: ಪಕ್ಕದ ಬ್ರಾಕೆಟ್‌ಗೆ ಎಷ್ಟು ದಪ್ಪ ಬೋಲ್ಟ್ ಬೇಕು ಮೇಸ್ತ್ರಿಗಳೇ?

ರಾತ್ರಿ ಪಾಳಿ: ಅಣ್ಣ ಇದ್ದೀರಾ? ಟೋಯಿಂಗ್‌ನವರು ಬಂದಿದ್ದಾರೆ. ಮುಂದಿನ ಎಳೆಯುವ ಕೊಕ್ಕೆ ಎಲ್ಲಿ ಅಂತ ಕೇಳುತ್ತಿದ್ದಾರೆ. ಅದು ಸ್ಟೆಪ್ನಿ ಹಿಂದೆ ಸಿಕ್ಕಿಕೊಂಡಿದೆ.

ಚಾಸಿ ಮೇಸ್ತ್ರಿ: ಮುಂದಿನಿಂದ ಎಳೆಯುವುದೇ ಬೇಡ, ಎತ್ತುವುದೂ ಬೇಡ. ಚಪ್ಪಟೆ ಹಾಸಿನ ಗಾಡಿ ತರಲಿ. ಸ್ಟೆಪ್ನಿ ಇಳಿಸಿ, ಹಿಂದಿನ ಕೊಕ್ಕೆಯಿಂದ ನಿಧಾನ ಎಳೆದು ಹತ್ತಿಸಲಿ. ಒಳಗೆ ಯಾರೂ ಕೂರಬೇಡಿ.